ಜುಟ್ಟವ್ವನ ರಕ್ತಪರೀಕ್ಷೆ ಎಷ್ಟು ದಿನಕ್ಕೊಮ್ಮೆ

ಹತ್ತಿರ ಬನ್ನಿ, ಇನ್ನೂ ಹತ್ತಿರ ಬನ್ನಿ. ಇದು ಗೋಣೆಪ್ಪನ ಕತೆ. ಕೂಗಿ ಹೇಳಿದರೆ ಅವನಿಗೆ ಕೇಳಿಸಿಬಿಡುತ್ತೆ, ಕೇಳಿಸಿದರೆ ಹೇಳಿದ ಹಾಗೇ ಮಾಡಿಬಿಡ್ತಾನೆ. ಅವನ ತೊಂದರೆಯೇ ಅದು. ಹೇಳಿದ ಮಾತು ಕೇಳದ ಮಕ್ಕಳನ್ನ ನೀವು ಬೇಕಾದಷ್ಟು ನೋಡಿದ್ದೀರಿ, ನಿಮ್ಮ ಮನೆಯಲ್ಲೇ ಇದ್ದಾರೆ. ಹೇಳಿದ್ದನ್ನ ಹೇಳಿದ ಹಾಗೇ ಕೇಳೋ ಮಗನನ್ನ ಹೆತ್ತವಳ ಪಾಡು ಏನು ಅಂತ ಹುಲಿಗೆವ್ವನನ್ನ ಕೇಳಬೇಕು.

ಗೋಣೆಪ್ಪನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. "ಹಾಲು ಉಕ್ಕುತ್ತೆ, ನೋಡ್ತಾ ಇರು" ಅಂದರೆ ನೋಡ್ತಾ ಇರ್ತಿದ್ದ. ಉಕ್ಕೋದನ್ನೂ ನೋಡಿದ, ಸುರಿಯೋದನ್ನೂ ನೋಡಿದ, ಒಲೆ ಆರೋದನ್ನೂ ನೋಡಿದ. "ಯಾಕೋ ಮಂಕೆ ಇಳಿಸಲಿಲ್ಲ?" ಅಂದರೆ, "ನೋಡು ಅಂದೆ, ನೋಡಿದೆ. ಇಳಿಸು ಅನ್ನಲಿಲ್ಲವಲ್ಲವ್ವ" ಅಂದ. ಆಮೇಲೆ ಹೆಗಲ ಮೇಲಿನ ಟವೆಲ್ ತಗೊಂಡು, 'ಇಳಿಸಬೇಕು' ಅಂತ ಅದರ ತುದಿಗೆ ಒಂದು ಗಂಟು ಹಾಕಿಕೊಂಡ. ಬೈಸಿಕೊಂಡಾಗಲೆಲ್ಲ ಒಂದು ಗಂಟು. ಆ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರೆ ಮುಖ ಕೆರೆದುಹೋಗ್ತಿತ್ತು.

ಹುಲಿಗೆವ್ವನದು ಗಿಳಿಶಾಸ್ತ್ರ. ದಾವಣಗೆರೆಯ ಹಳೇ ಬಸ್‌ಸ್ಟ್ಯಾಂಡಿನ ಗೋಡೆಗೆ ಒರಗಿ ಚಾಪೆ ಹಾಸಿ ಕೂತರೆ, ಮುಂದೆ ದೇವರ ಚಿತ್ರದ ಕಾರ್ಡುಗಳ ಸಾಲು, ಪಕ್ಕದಲ್ಲಿ ಪಂಜರ, ಪಂಜರದಲ್ಲಿ ಜುಟ್ಟವ್ವ. ಕಾಡಿನ ಹಸಿರು ಗಿಳಿ ಸಾಕೋ ಹಾಗಿಲ್ಲ, ಕಾನೂನಿದೆ. ಅದಕ್ಕೆ ಅಂಗಡಿಯಿಂದ ಪರದೇಶದ ಪುಟ್ಟ ಗಿಳಿ ತಂದು ಪಳಗಿಸಿದ್ದಳು. ಬೂದಿ ಬಣ್ಣದ ಮೈ, ತಲೆ ಮೇಲೆ ಹಳದಿ ಜುಟ್ಟು, ಎರಡು ಕೆನ್ನೆಗೂ ಕುಂಕುಮ ಇಟ್ಟ ಹಾಗೆ ಕೆಂಪು ಬೊಟ್ಟು. "ಇದು ಗಿಳಿನಾ?" ಅಂತ ಗಿರಾಕಿಗಳು ಅನುಮಾನಪಟ್ಟರೆ, "ಗಿಳಿಗಳ ಸೋದರತ್ತೆ" ಅಂತಿದ್ದಳು ಹುಲಿಗೆವ್ವ. ಜುಟ್ಟವ್ವ ಜುಟ್ಟು ನಿಗುರಿಸಿಕೊಂಡು ಬರ್ತಿದ್ದಳು, ಕೊಕ್ಕಿನಲ್ಲಿ ಒಂದು ಕಾರ್ಡು ಎಳೀತಿದ್ದಳು, ಒಂದು ಸೂರ್ಯಕಾಂತಿ ಬೀಜ ತಿಂದು ಒಳಗೆ ಹೋಗ್ತಿದ್ದಳು. ಆ ಮನೆಯ ಅನ್ನ ಬರ್ತಿದ್ದದ್ದು ಆ ಕೊಕ್ಕಿನಿಂದ. ಅನ್ನದ ಮಾತು ಬಿಡಿ, ಹುಲಿಗೆವ್ವನ ಮಾತಿಗೆ ತಲೆ ಓರೆ ಮಾಡಿ ಕಿವಿಗೊಡೋ ಜೀವ ಆ ಮನೆಯಲ್ಲಿ ಅದೊಂದೇ.

ಜುಟ್ಟವ್ವನ ಹಿಂದೆ ಇನ್ನೊಬ್ಬಳಿದ್ದಳು. ರಾತ್ರಿ ಚೆನ್ನಾಗೇ ಮಲಗಿದವಳು ಬೆಳಗ್ಗೆ ಏಳಲಿಲ್ಲ. ಹುಲಿಗೆವ್ವ ಅದನ್ನ ಸೆರಗಿನಲ್ಲಿ ಸುತ್ತಿಕೊಂಡು ಹಕ್ಕಿ ಡಾಕ್ಟರಮ್ಮನ ಹತ್ತಿರ ಓಡಿದ್ದಳು. ಡಾಕ್ಟರಮ್ಮನ ಹೆಸರು ಸರ್ವಮಂಗಳಾ, ಮಾತು ಕಡಿಮೆ. "ಪಿತ್ತಜನಕಾಂಗಕ್ಕೆ ಕೊಬ್ಬು ಹತ್ತಿದೆ ತಾಯಿ. ಮುಂಚೆ ರಕ್ತಪರೀಕ್ಷೆ ಮಾಡಿಸಿದ್ದಿದ್ದರೆ ಗೊತ್ತಾಗ್ತಿತ್ತು" ಅಂದಿದ್ದರು. ಆ ಮಾತು ಹುಲಿಗೆವ್ವನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಇವಳನ್ನಾದರೂ ಉಳಿಸಿಕೊಳ್ಳಬೇಕು. ಆದರೆ ರಕ್ತಪರೀಕ್ಷೆ ಎಷ್ಟು ದಿನಕ್ಕೊಮ್ಮೆ? ಮೇಲಿಂದ ಮೇಲೆ ಚುಚ್ಚಿಸಿದರೆ ಆ ಗುಬ್ಬಿಯಷ್ಟು ಮೈಯಲ್ಲಿ ಉಳಿಯೋದೇನು? ಚುಚ್ಚಿಸದೇ ಇದ್ದರೆ ಒಳಗಿನ ಕಾಯಿಲೆ ಗೊತ್ತಾಗೋದು ಹೇಗೆ? ಯೋಚಿಸಿ ಯೋಚಿಸಿ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಈಗ ಅವಳಿಗೆ ಮಂಡಿ ನೋವು ಬೇರೆ. ತಾನು ಹೋಗೋ ಹಾಗಿಲ್ಲ. ಮನೆಯಲ್ಲಿ ಇನ್ನಾರಿದ್ದಾರೆ? ಗೋಣೆಪ್ಪ ಇದ್ದಾನೆ.

"ಲೇ ಗೋಣೆಪ್ಪ, ಹಕ್ಕಿ ಡಾಕ್ಟರಮ್ಮನ ಹತ್ತಿರ ಹೋಗು. ಜುಟ್ಟವ್ವನಿಗೆ ಎಷ್ಟು ದಿನಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಬೇಕು ಅಂತ ಕೇಳು, ಸೀದಾ ಮನೆಗೆ ಬಾ."

ಗೋಣೆಪ್ಪ ಗಂಟು ಹಾಕಿಕೊಂಡ, ಹೋದ. ಬಾಗಿಲಲ್ಲಿ ನಿಂತು, "ಡಾಕ್ಟರಮ್ಮ, ಜುಟ್ಟವ್ವನಿಗೆ ಎಷ್ಟು ದಿನಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಬೇಕು?" ಅಂದ. ಡಾಕ್ಟರಮ್ಮ ಕನ್ನಡಕ ಸರಿ ಮಾಡಿಕೊಂಡು ಬಾಯಿ ತೆರೆಯೋದರಲ್ಲಿ ಅವನು ಬೀದಿ ಕೊನೆ ಮುಟ್ಟಿದ್ದ.

"ಏನಂದರೋ?"

"ಏನೋ ಅನ್ನೋಕೆ ಹೊರಟಿದ್ದರವ್ವ. ನೀನು ಕೇಳು, ಸೀದಾ ಬಾ ಅಂದಿದ್ದೆ. ಬಂದೆ."

ಹುಲಿಗೆವ್ವ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ. ಕೇಳಿದ ಮೇಲೆ ನಿಂತ್ಕೋಬೇಕು ಕಣೋ. ಅವರು ಹೇಳೋದನ್ನೆಲ್ಲ ಕೇಳಿಸ್ಕೋಬೇಕು. ಒಂದಕ್ಷರ ಬಿಡದೆ ಬಂದು ನನಗೆ ಹೇಳಬೇಕು. ತಿಳೀತಾ?"

ತಿಳೀತು. ಇನ್ನೊಂದು ಗಂಟು. ಹೋದ. ಕೇಳಿದ. ನಿಂತ. ಡಾಕ್ಟರಮ್ಮನ ಕೋಣೆ ತುಂಬ ಜನ, ನಾಯಿ, ಬೆಕ್ಕು, ಬುಟ್ಟಿಯಲ್ಲಿ ಎರಡು ಮೊಲ. ಗೋಣೆಪ್ಪ ಕಣ್ಣು ಮುಚ್ಚಿ ಎಲ್ಲ ಕೇಳಿಸಿಕೊಂಡ. ಮಧ್ಯಾಹ್ನ ಚಾಪೆ ಮುಂದೆ ಬಂದು ಕೈಕಟ್ಟಿ ನಿಂತು ಒಪ್ಪಿಸಿದ:

"ಚಪ್ಪಲಿ ಹೊರಗೆ ಬಿಡಪ್ಪ. ಎಂಟು ದಿನಕ್ಕೊಮ್ಮೆ ಸೋಪು ಹಚ್ಚಿ ಉಜ್ಜಿ. ಯಾರ್ರೀ ಈ ಬೆಕ್ಕಿಗೆ ಉಪ್ಪಿಟ್ಟು ಹಾಕಿದ್ದು. ಬಾಲ ಎತ್ತಿ ಹಿಡ್ಕೊಳ್ಳಿ. ಇವರದು ಆಗಲಿ, ನೀನು ಕೂತ್ಕೋ. ಹಲೋ, ಬೇಳೆ ಬೆಂದಿದ್ದರೆ ಸ್ಟವ್ ಆರಿಸು. ಹಕ್ಕಿ ಎಲ್ಲಪ್ಪ, ಹಕ್ಕಿ ನೋಡದೆ ನಾನು ಏನು ಹೇಳಲಿ."

"ಎಂಟು ದಿನಕ್ಕೊಮ್ಮೆ ಅಂದರಾ?" ಹುಲಿಗೆವ್ವ ಪಂಜರವನ್ನ ಹತ್ತಿರ ಎಳೆದುಕೊಂಡಳು.

"ಅದು ನಾಯಿಗವ್ವ."

"ಮತ್ತೆ ನಮ್ಮ ಹಕ್ಕಿಗೆ?"

"ನಮ್ಮ ಹಕ್ಕಿಗೆ ಬೇಳೆ ಬೆಂದಮೇಲೆ ಅಂದಿದ್ದು."

ಪಕ್ಕದಲ್ಲಿ ಪೇರಲೆ ಹಣ್ಣಿನ ತಳ್ಳುಗಾಡಿ ನಿಲ್ಲಿಸಿಕೊಂಡಿದ್ದ ಹುಸೇನಿ ನಕ್ಕೂ ನಕ್ಕೂ ಗಾಡಿ ಹಿಡಿದುಕೊಂಡ. ಹುಲಿಗೆವ್ವನಿಗೆ ನಗು ಬರಲಿಲ್ಲ. "ಹಕ್ಕಿ ತಗೊಂಡು ಹೋಗೋ ಪುಣ್ಯಾತ್ಮ. ಪಂಜರಕ್ಕೆ ಬಟ್ಟೆ ಮುಚ್ಚು, ಅವಳು ಬಸ್ಸು ಲಾರಿ ಕಂಡರೆ ಹೆದರ್ತಾಳೆ. ಯಾರು ಏನೇ ಹೇಳಲಿ, ಬಟ್ಟೆ ತೆಗೀಬೇಡ" ಅಂದಳು.

ಏನಾಗಿರುತ್ತೆ ಅಂತ ನಿಮಗೆ ಗೊತ್ತಾಯ್ತಲ್ಲ? ನಿಮಗೆ ಗೊತ್ತಾಯ್ತು, ಹುಲಿಗೆವ್ವನಿಗೂ ಹೇಳಿದ ಮೇಲೆ ಗೊತ್ತಾಯ್ತು, ಆದರೆ ಅಷ್ಟರಲ್ಲಿ ಅವನು ಸರ್ಕಲ್ ದಾಟಿದ್ದ. ಡಾಕ್ಟರಮ್ಮ ಬಟ್ಟೆ ತೆಗಿ ಅಂದರು. ತೆಗೆಯಲ್ಲ ಅಂದ. ನಾನು ಡಾಕ್ಟರು ಕಣಪ್ಪ ಅಂದರು. ಯಾರೇ ಆಗಲಿ ತೆಗೆಯಲ್ಲ ಅಂದ. ಡಾಕ್ಟರಮ್ಮ ಬಟ್ಟೆಯ ಮೇಲೆಯೇ ಕಿವಿ ಇಟ್ಟರು. ಒಳಗಿಂದ ಜುಟ್ಟವ್ವ ಸಿಳ್ಳೆ ಹಾಕಿದಳು. "ಸಿಳ್ಳೆ ಚೆನ್ನಾಗಿದೆ, ಮನೆಗೆ ಹೋಗು" ಅಂದರು ಡಾಕ್ಟರಮ್ಮ.

"ಡಾಕ್ಟರು ಹೇಳಿದರೆ ಕೇಳಬೇಕು ಕಣೋ!" ಹುಲಿಗೆವ್ವ ಕಾರ್ಡು ಎತ್ತಿ ಅವನ ತಲೆಗೆ ಬಡಿದಳು. "ಊರೆಲ್ಲ ಒಂದು, ಡಾಕ್ಟರು ಒಂದು. ಅವರು ಏನು ಹೇಳ್ತಾರೋ ಅದನ್ನ ಹಾಗೇ ಮಾಡು. ಇಷ್ಟೇ ಇಷ್ಟು. ತಿಳೀತಾ?"

ತಿಳೀತು. ಗಂಟು ಬಿತ್ತು.

ಈ ಸಲ ಕೆಲಸ ಆಯ್ತು, ದೇವರು ದೊಡ್ಡವನು. ಬಟ್ಟೆ ತೆಗಿ ಅಂದರು, ತೆಗೆದ. ಹಿಡ್ಕೋ ಅಂದರು, ಹಿಡ್ಕೊಂಡ. ಬಿಡು ಅಂದರು, ಬಿಟ್ಟ. ಡಾಕ್ಟರಮ್ಮ ಜುಟ್ಟವ್ವನನ್ನ ತಕ್ಕಡಿಯಲ್ಲಿ ಕೂರಿಸಿ ತೂಗಿದರು, ಕೂದಲಿನಂಥ ಸೂಜಿಯಿಂದ ಒಂದೆರಡು ಹನಿ ರಕ್ತ ತೆಗೆದರು. ಪರೀಕ್ಷೆ ಮಾಡಿ ನೋಡಿ, ಎದುರಿಗೆ ಕೂರಿಸಿಕೊಂಡು ನಿಧಾನವಾಗಿ ಹೇಳಿದರು.

"ನೋಡಪ್ಪ, ಹಕ್ಕಿ ಚೆನ್ನಾಗಿದೆ. ಕೊಬ್ಬು ಒಂಚೂರು ಜಾಸ್ತಿ. ಸೂರ್ಯಕಾಂತಿ ಬೀಜ ಅದರ ಕಣ್ಣಿಗೂ ತೋರಿಸಬೇಡ. ಬದಲಿಗೆ ನವಣೆ ಕೊಡಿ, ಸೊಪ್ಪು ಕೊಡಿ. ರಕ್ತಪರೀಕ್ಷೆ ವರ್ಷಕ್ಕೊಂದು ಸಲ ಸಾಕು. ಇಷ್ಟು ಸಣ್ಣ ಮೈಯಿಂದ ಸುಮ್ಮಸುಮ್ಮನೆ ರಕ್ತ ತೆಗೆಯೋದು ಒಳ್ಳೇದಲ್ಲ. ವಯಸ್ಸಾದ ಮೇಲೆ ಆರು ತಿಂಗಳಿಗೊಮ್ಮೆ ನೋಡೋಣ. ಆದರೆ ವರ್ಷ ತುಂಬಲಿ ಅಂತ ಕಣ್ಣು ಮುಚ್ಚಿ ಕೂರಬೇಡಿ. ಹಕ್ಕಿಗಳು ಕಾಯಿಲೆ ಮುಚ್ಚಿಡ್ತವೆ. ಅದರ ರೂಢಿ ತಪ್ಪಿದರೆ ಅವತ್ತೇ ತಗೊಂಡು ಬಾ. ಯಾವಾಗ ಬರಬೇಕು ಅಂತ ಹಕ್ಕಿನೇ ಹೇಳುತ್ತೆ."

"ಬೀಜ ತೋರಿಸಲ್ಲ ಡಾಕ್ಟರಮ್ಮ, ಆಣೆಗೂ ತೋರಿಸಲ್ಲ" ಅಂದ ಗೋಣೆಪ್ಪ, ಎದೆ ಮುಟ್ಟಿಕೊಂಡು.

ಓಡಿ ಬಂದ. ಚಾಪೆ ಮುಂದೆ ಗಿರಾಕಿ ಕೂತಿದ್ದಳು, ಮಗಳ ಮದುವೆ ಮಾತು ಕೇಳೋಕೆ ಹರಪನಹಳ್ಳಿ ಕಡೆಯಿಂದ ಬಂದ ಹೆಂಗಸು. ಗೋಣೆಪ್ಪ ಅದನ್ನೆಲ್ಲ ನೋಡ್ತಾನಾ? ಗಟ್ಟಿಯಾಗಿ ಒಪ್ಪಿಸಿದ: "ಬೀಜ ಕಣ್ಣಿಗೂ ತೋರಿಸಬಾರದಂತೆ. ನವಣೆ, ಸೊಪ್ಪು ಕೊಡಬೇಕಂತೆ. ವರ್ಷಕ್ಕೊಮ್ಮೆಯಂತೆ. ವರ್ಷ ತುಂಬಲಿ ಅಂತ ಕಾಯಬಾರದಂತೆ. ಯಾವಾಗ ಅಂತ ಗಿಳಿನೇ ಹೇಳುತ್ತಂತೆ."

ಹುಲಿಗೆವ್ವನಿಗೆ ಇಷ್ಟು ದಿನದ ಸಿಟ್ಟೆಲ್ಲ ಒಟ್ಟಿಗೆ ಬಂತು. "ಗಿಳಿ ಏನು ಹೇಳುತ್ತೋ ಮಂಕುದಿಣ್ಣೆ? ಗಿಳಿಗೇನು ಗೊತ್ತಾಗುತ್ತೆ? ಗಿಳಿ ಹೇಳುತ್ತೆ ಅಂತ ಕೇಳ್ಕೊಂಡು ಕೂತರೆ ಉದ್ಧಾರ ಆದ ಹಾಗೇ."

ಹರಪನಹಳ್ಳಿಯ ಹೆಂಗಸು ಒಂದು ಸಲ ಗಿಳಿಯನ್ನ ನೋಡಿದಳು, ಒಂದು ಸಲ ಹುಲಿಗೆವ್ವನನ್ನ ನೋಡಿದಳು, ಸೀರೆ ಕೊಡವಿಕೊಂಡು ಎದ್ದು ಹೋದಳು. ಹುಸೇನಿಯ ಗಾಡಿ ಮತ್ತೆ ಅಲ್ಲಾಡಿತು.

ಹುಲಿಗೆವ್ವ ಮಗನ ಕಿವಿ ಹಿಡಿದು ಹತ್ತಿರ ಎಳೆದುಕೊಂಡಳು. "ನನ್ನ ಬಾಯಲ್ಲೇ ಅನ್ನಿಸಿಬಿಟ್ಟೆಯಲ್ಲೋ. ಕೇಳು, ಚೆನ್ನಾಗಿ ಕೇಳು. ಗಿಳಿಗೆ ಎಲ್ಲ ಗೊತ್ತು. ಯಾರು ಏನೇ ಕೇಳಲಿ, ಗಿಳಿನೇ ಹೇಳುತ್ತೆ. ಅದು ಯಾವ ಕಾರ್ಡು ಮುಟ್ಟುತ್ತೋ, ಆ ಕಾರ್ಡಲ್ಲಿ ಏನು ಕಾಣುತ್ತೋ, ಹಾಗೇ ಮಾಡಬೇಕು. ಅದೇ ಶಾಸ್ತ್ರ. ತಿಳೀತಾ?"

ತಿಳೀತು. ಅದಕ್ಕೊಂದು ದೊಡ್ಡ ಗಂಟು.

ಅವತ್ತಿಂದ ಹುಲಿಗೆವ್ವ ನೆಮ್ಮದಿಯಾದಳು. ವರ್ಷಕ್ಕೊಮ್ಮೆ, ಅಷ್ಟೇ. ದಸರೆ ಹೊತ್ತಿಗೆ ಮಾಡಿಸಿದ್ದು, ಇನ್ನು ಬರೋ ದಸರೆಗೆ. ಉಳಿದ ಮಾತು ಅವಳ ಕಿವಿಯಿಂದ ಜಾರಿಹೋಯ್ತು, ಬೇಕಾದ ಮಾತು ಒಂದೇ ಹಿಡಿದುಕೊಳ್ಳೋದು ಬುದ್ಧಿವಂತರ ರೂಢಿ. ಜುಟ್ಟವ್ವ ಕಾರ್ಡು ಎಳೆದರೆ ಈಗ ನವಣೆ ಕಾಳು. ಬೆಳಗ್ಗೆ ಹಕ್ಕಿಗೆ ತಿನ್ನಿಸೋ ಕೆಲಸ ಮೊದಲಿಂದಲೂ ಗೋಣೆಪ್ಪನದು. "ಎದ್ದ ಕೂಡಲೇ ಒಂದು ಹಿಡಿ ಬೀಜ ಹಾಕು, ತಪ್ಪಿಸಬೇಡ" ಅಂತ ಯಾವತ್ತೋ ಹೇಳಿದ್ದಳು. ಅದು ಟವೆಲ್ಲಿನ ಹಳೇ ಗಂಟು, ಬಹಳ ಬಿಗಿಯಾದದ್ದು.

ಚಳಿಗಾಲ ಕಳೀತು, ಯುಗಾದಿ ಹತ್ತಿರ ಬಂತು. ಒಂದು ಬೆಳಗ್ಗೆ ಚಾಪೆ ಹಾಸಿದಾಗ ಜುಟ್ಟವ್ವ ಜುಟ್ಟು ನಿಗುರಿಸಲಿಲ್ಲ. ಪುಕ್ಕ ಉಬ್ಬಿಸಿಕೊಂಡು ಹತ್ತಿಯ ಉಂಡೆಯ ಹಾಗೆ ಮೂಲೆಗೆ ಕೂತಳು. ಹುಲಿಗೆವ್ವ ನೋಡಿದಳು, ನೋಡದ ಹಾಗೆ ಮಾಡಿದಳು.

"ಅವ್ವ, ಇವಳು ಸಿಳ್ಳೆ ಹಾಕ್ತಿಲ್ಲ" ಅಂದ ಗೋಣೆಪ್ಪ.

"ನಿದ್ದೆ ಬಂದಿರುತ್ತೆ ಬಿಡು."

"ಅವ್ವ, ನವಣೆ ಮುಟ್ಟಲಿಲ್ಲ."

"ಸೆಕೆ ಕಣೋ, ಸೆಕೆಗೆ ಹಸಿವಾಗಲ್ಲ."

"ರಕ್ತಪರೀಕ್ಷೆ ಮಾಡಿಸೋಣವಾ?"

"ದಸರೆ ಬರಲಿ" ಅಂದಳು ಹುಲಿಗೆವ್ವ. ಡಾಕ್ಟರಮ್ಮನ ಹತ್ತಿರ ಹೋದರೆ ಅವರು ಏನಂತಾರೋ ಅನ್ನೋ ಹೆದರಿಕೆ. ಹೋಗದಿದ್ದರೆ ಏನೂ ಅನ್ನಲ್ಲವಲ್ಲ, ಅದಕ್ಕೆ ಹೋಗೋದು ಬೇಡ. "ವರ್ಷಕ್ಕೊಮ್ಮೆ ಅಂದಿದ್ದಾರೆ. ವರ್ಷ ಆಗಿಲ್ಲ. ಸುಮ್ಮನಿರು."

ಗೋಣೆಪ್ಪ ಟವೆಲ್ ಕೈಗೆ ತಗೊಂಡು ಗಂಟುಗಳನ್ನ ಒಂದೊಂದೇ ಮುಟ್ಟಿದ. ಯಾವಾಗ ಬರಬೇಕು ಅಂತ ಹಕ್ಕಿನೇ ಹೇಳುತ್ತೆ, ಇದು ಡಾಕ್ಟರಮ್ಮನ ಗಂಟು. ಯಾರು ಏನೇ ಕೇಳಲಿ ಗಿಳಿನೇ ಹೇಳುತ್ತೆ, ಇದು ಅವ್ವನ ಗಂಟು. ಇಬ್ಬರೂ ಹೇಳಿದ್ದು ಒಂದೇ ಮಾತು. ಅವನ ಜನ್ಮದಲ್ಲಿ ಎರಡು ಗಂಟು ಒಂದೇ ಮಾತು ಹೇಳಿದ್ದು ಅದೇ ಮೊದಲು.

ಕಾರ್ಡುಗಳನ್ನ ಸಾಲಾಗಿ ಹರಡಿದ. ಪಂಜರದ ಬಾಗಿಲು ತೆಗೆದ. ಗಿರಾಕಿಯ ಜಾಗದಲ್ಲಿ ಚಕ್ಕಂಬಕ್ಕಳ ಹಾಕಿ ಕೂತು ಕೈಮುಗಿದ.

"ತಾಯಿ ಜುಟ್ಟವ್ವ, ನಿನಗೆ ರಕ್ತಪರೀಕ್ಷೆ ಯಾವಾಗ ಅಂತ ನೀನೇ ಹೇಳು."

"ಏನೋ ಅದು?" ಅಂದಳು ಹುಲಿಗೆವ್ವ.

"ಸುಮ್ನಿರವ್ವ, ಹೇಳ್ತಾಳೆ."

ಜುಟ್ಟವ್ವ ಬಂದಳು. ತೂರಾಡಿಕೊಂಡು ಬಂದಳು. ಲಕ್ಷ್ಮಿಯನ್ನ ದಾಟಿದಳು, ಗಣಪತಿಯನ್ನ ದಾಟಿದಳು, ಯಾವ ಕಾರ್ಡಿಗೂ ಕೊಕ್ಕು ಹಾಕಲಿಲ್ಲ. ಸಾಕಾಗಿ ಒಂದು ಕಾರ್ಡಿನ ಮೇಲೆ ಕೂತು ಕಣ್ಣು ಮುಚ್ಚಿಬಿಟ್ಟಳು. ಗೋಣೆಪ್ಪ ಬಗ್ಗಿ ನೋಡಿದ. ಹನುಮಪ್ಪ. ಒಂದು ಕೈಯಲ್ಲಿ ಗದೆ, ಇನ್ನೊಂದು ಕೈಯಲ್ಲಿ ಸಂಜೀವಿನಿ ಬೆಟ್ಟ, ಬೆಟ್ಟ ಹೊತ್ತುಕೊಂಡು ಹಾರ್ತಿದ್ದಾನೆ. ಕಾರ್ಡಲ್ಲಿ ಏನು ಕಾಣುತ್ತೋ ಹಾಗೇ ಮಾಡಬೇಕು.

ಗೋಣೆಪ್ಪ ಎದ್ದ. ಹಕ್ಕಿಯನ್ನ ಪಂಜರಕ್ಕೆ ಹಾಕಿ ಬಟ್ಟೆ ಮುಚ್ಚಿದ. ಪಂಜರವನ್ನ ಹುಸೇನಿಯ ಗಾಡಿಯಲ್ಲಿ ಪೇರಲೆ ಹಣ್ಣಿನ ನಡುವೆ ಇಟ್ಟ. ಚಾಪೆ ಸುತ್ತಿ ಇಟ್ಟ. ಕಾರ್ಡಿನ ಡಬ್ಬಿ ಇಟ್ಟ, ಕೊಡೆ ಇಟ್ಟ, ನೀರಿನ ಚೊಂಬು ಇಟ್ಟ. ಆಮೇಲೆ ಅವ್ವನ ಕಡೆ ತಿರುಗಿದ.

"ಮುಟ್ಟಬೇಡ, ನನ್ನ ಮುಟ್ಟಬೇಡ ಕಣೋ" ಅಂತ ಹುಲಿಗೆವ್ವ ಗೋಡೆಗೆ ಅಂಟಿಕೊಂಡಳು. ಕಂಕುಳಿಗೆ ಕೈ ಕೊಟ್ಟು ಎತ್ತಿ ಹಣ್ಣಿನ ರಾಶಿ ಮೇಲೆ ಕೂರಿಸಿಯೇಬಿಟ್ಟ. ಹುಸೇನಿ "ನನ್ನ ಗಾಡಿ, ನನ್ನ ಗಾಡಿ" ಅಂತ ಅಡ್ಡ ಬಂದ. ಗೋಣೆಪ್ಪ ಅವನನ್ನೂ ಎತ್ತಿ ಕೂರಿಸಿದ.

ಗಾಡಿ ಓಡಿತು ನೋಡಿ. ಬಸ್‌ಸ್ಟ್ಯಾಂಡ್ ಹಿಂದೆ ಬಿತ್ತು, ಬೆಣ್ಣೆದೋಸೆ ಹೋಟೆಲು ಹಿಂದೆ ಬಿತ್ತು. ಆಟೋದವರು ಪಕ್ಕಕ್ಕೆ ಸರಿದರು, ಪೊಲೀಸಿನವನು ಸೀಟಿ ಊದೋದು ಮರೆತ. ಹುಲಿಗೆವ್ವ ಒಂದು ಕೈಯಲ್ಲಿ ಪಂಜರ, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದುಕೊಂಡು ಬೈಯುತ್ತಿದ್ದಳು, ಹುಸೇನಿ ಉರುಳೋ ಹಣ್ಣುಗಳನ್ನ ಮಡಿಲಿಗೆ ತುಂಬಿಕೊಳ್ಳುತ್ತಿದ್ದ. ಎಲ್ಲೋ ತಿರುವಿನಲ್ಲಿ ಬಟ್ಟೆ ಸರಿದು ಜುಟ್ಟವ್ವ ಕಂಡಳು. ಮೂಲೆಯಲ್ಲಿ ಒರಗಿದ್ದಳು, ಕಣ್ಣು ಅರ್ಧ ಮುಚ್ಚಿತ್ತು. ಹುಲಿಗೆವ್ವನ ಬೈಗುಳ ಅಲ್ಲಿಗೇ ನಿಂತಿತು. "ಜೋರಾಗಿ ತಳ್ಳೋ ಗೋಣೆಪ್ಪ" ಅಂದಳು.

ಡಾಕ್ಟರಮ್ಮ ಬಾಗಿಲಿಗೇ ಬಂದರು. "ಇದೇನಿದು, ಯಾರಿಗೇನಾಯ್ತು?"

"ಗಿಳಿ ಹನುಮಪ್ಪನ ಕಾರ್ಡು ಮುಟ್ಟಿತು ಡಾಕ್ಟರಮ್ಮ" ಅಂದ ಗೋಣೆಪ್ಪ ಏದುಸಿರು ಬಿಡ್ತಾ. "ಅವನು ಯಾವ ಬೇರು ಅಂತ ಗೊತ್ತಾಗದೆ ಬೆಟ್ಟನೇ ಹೊತ್ಕೊಂಡು ಬಂದನಂತಲ್ಲ. ಅದಕ್ಕೆ ಎಲ್ಲ ಹೊತ್ಕೊಂಡು ಬಂದೆ."

ಡಾಕ್ಟರಮ್ಮ ಹಕ್ಕಿಯನ್ನ ಮಾತ್ರ ಇಳಿಸಿಕೊಂಡರು. ಮತ್ತೆ ತೂಕ, ಮತ್ತೆ ಒಂದೆರಡು ಹನಿ. ಹುಲಿಗೆವ್ವ ಬೆಂಚಿನ ಮೇಲೆ ಕೂತು ಸೆರಗಿನ ತುದಿ ಕಚ್ಚಿಕೊಂಡಿದ್ದಳು. ಹಿಂದಿನವಳು ಸೆರಗಿನಲ್ಲಿ ಎಷ್ಟು ಹಗುರವಾಗಿದ್ದಳು ಅನ್ನೋದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು. ಡಾಕ್ಟರಮ್ಮ ಹೊರಗೆ ಬಂದರು.

"ಅದೇ ಕೊಬ್ಬು ತಾಯಿ, ಪಿತ್ತಜನಕಾಂಗಕ್ಕೆ ಹತ್ತಿದೆ. ಆದರೆ ಸರಿಯಾದ ಹೊತ್ತಿಗೆ ತಂದಿದ್ದೀರಿ, ಉಳೀತಾಳೆ. ವರ್ಷ ತುಂಬಲಿ ಅಂತ ಕಾದಿದ್ದರೆ ನನ್ನ ಕೈಯಲ್ಲಿ ಏನೂ ಇರ್ತಿರಲಿಲ್ಲ. ಒಂದು ಮಾತು ಹೇಳಿ, ಸೂರ್ಯಕಾಂತಿ ಬೀಜ ನಿಲ್ಲಿಸಿದ್ದೀರಿ ತಾನೇ?"

"ನಿಲ್ಲಿಸಿದೀವಮ್ಮ. ಒಂದು ಕಾಳೂ ಇಲ್ಲ."

"ದಿನಾ ಒಂದು ಹಿಡಿ ಹಾಕ್ತೀನಲ್ಲವ್ವ" ಅಂದ ಗೋಣೆಪ್ಪ.

ಡಾಕ್ಟರಮ್ಮ ಕನ್ನಡಕ ತೆಗೆದು ಅವನ ಕಡೆ ತಿರುಗಿದರು.

"ಬೆಳಗ್ಗೆ ತಪ್ಪಿಸಬೇಡ ಅಂದಿದ್ದೆ ನೀನು, ಹಾಕ್ತೀನಿ. ಕಣ್ಣಿಗೆ ತೋರಿಸಬೇಡಿ ಅಂದಿದ್ದರು ಡಾಕ್ಟರಮ್ಮ, ತೋರಿಸಲ್ಲ. ಪಂಜರಕ್ಕೆ ಕಂಬಳಿ ಮುಚ್ಚಿ ಕತ್ತಲೆ ಮಾಡಿ ಕೊಡ್ತೀನಿ. ಒಂದು ದಿನವೂ ಅವಳು ಬೀಜ ನೋಡಿಲ್ಲ."

ಹುಲಿಗೆವ್ವ ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಕೊಲ್ಲೋಕೆ ಹೊರಟವನೂ ಇವನೇ, ಉಳಿಸಿದವನೂ ಇವನೇ. ಬುದ್ಧಿ ಇದ್ದ ತಾನು ಏನು ಮಾಡಿದೆ? ದಸರೆ ಬರಲಿ ಅಂದೆ. ಹೆದರಿಕೊಂಡು ಮುಖ ತಿರುಗಿಸಿ ಕೂತೆ. ಎತ್ತಿದ ಕೈಯನ್ನ ಇಳಿಸಿ ಮಗನ ಬೆವರಿದ ತಲೆ ಮೇಲೆ ಇಟ್ಟಳು, ಅಳು ಬಂತು, ಅಳುತ್ತಲೇ ನಕ್ಕಳು.

ಡಾಕ್ಟರಮ್ಮ ಔಷಧ ಕೊಟ್ಟರು, ಬೀಜದ ಡಬ್ಬಿಯನ್ನೇ ಮನೆಯಿಂದ ಆಚೆ ಹಾಕಿ ಅಂದರು. ಗುಣ ಆಗೋವರೆಗೆ ತಿಂಗಳಿಗೊಮ್ಮೆ ಪರೀಕ್ಷೆ, ಆಮೇಲೆ ಆರು ತಿಂಗಳಿಗೊಮ್ಮೆ, ಯಾವ ದಿನ ಅಂತ ನಾನೇ ಹೇಳ್ತೀನಿ ಅಂದರು. ಹುಲಿಗೆವ್ವ ಎಲ್ಲ ಕೇಳಿಸಿಕೊಂಡಳು, ಈ ಸಲ ಒಂದು ಮಾತೂ ಜಾರಲಿಲ್ಲ.

ಸಂಜೆ ಗಾಡಿ ವಾಪಸ್ಸು ಬರುವಾಗ ಹಣ್ಣಿನ ಮೇಲೆ ಕೂತಿದ್ದವಳು ಬಗ್ಗಿ ಮಗನ ಗಲ್ಲ ಹಿಡಿದಳು. ಅವನು ಹುಟ್ಟಿದಾಗಿನಿಂದ ಆಡದ ಮಾತೊಂದು ಅವಳ ಬಾಯಿಂದ ಬಂತು. "ಇವತ್ತು ನೀನು ಮಾಡಿದ್ದೇ ಸರಿ ಕಣೋ ನನ್ನಪ್ಪ. ಇನ್ನು ಮೇಲೆ ಯಾವತ್ತೂ ಹೀಗೇ ಮಾಡು."

ಗೋಣೆಪ್ಪ ಗಾಡಿ ನಿಲ್ಲಿಸಿದ. ಅಷ್ಟು ದಿನ ಬೈಗುಳಕ್ಕೇ ಗಂಟು ಹಾಕಿದವನು, ಹೊಗಳಿಕೆಗೆ ಹೇಗೆ ಹಾಕಬೇಕು ಅಂತ ಗೊತ್ತಾಗದೆ ಇಡೀ ಟವೆಲ್ಲನ್ನೇ ಸುತ್ತಿ ಒಂದೇ ಒಂದು ಗಂಟು ಹಾಕಿದ. ಅವನ ಮುಖ ಬೆಳಗುತ್ತಿತ್ತು. ಹುಲಿಗೆವ್ವ ಅದನ್ನ ನೋಡಿದಳು, ನೋಡಿ ಖುಷಿಪಟ್ಟಳು, ಪಾಪ.

ಮಾರನೆ ದಿನ ಬೆಳಗ್ಗೆ ಡಾಕ್ಟರಮ್ಮ ಬಾಗಿಲ ಬೀಗ ತೆಗೀತಿದ್ದರು. ದೂರದಿಂದ ಗಡಗಡ ಸದ್ದು ಕೇಳಿಸಿತು. ತಿರುಗಿ ನೋಡಿದರೆ ತಳ್ಳುಗಾಡಿ. ಗಾಡಿಯಲ್ಲಿ ಪೇರಲೆ ಹಣ್ಣು, ಚಾಪೆ, ಕಾರ್ಡಿನ ಡಬ್ಬಿ, ಕೊಡೆ, ಚೊಂಬು. ಬಾಯಿ ತುಂಬ ಹಲ್ಲುಪುಡಿ ತುಂಬಿಕೊಂಡ ಹುಸೇನಿ. ಅರ್ಧ ತಲೆ ಬಾಚಿಕೊಂಡಿದ್ದ ಹುಲಿಗೆವ್ವ. ಅವಳ ತೊಡೆ ಮೇಲೆ ಪಂಜರ, ಪಂಜರದಲ್ಲಿ ಜುಟ್ಟವ್ವ ಜುಟ್ಟು ಅರ್ಧ ನಿಗುರಿಸಿಕೊಂಡು ಸಣ್ಣಗೆ ಸಿಳ್ಳೆ ಹಾಕ್ತಿದ್ದಳು.

"ಮತ್ತೇನಾಯ್ತಪ್ಪ?"

"ಏನೂ ಆಗಿಲ್ಲ ಡಾಕ್ಟರಮ್ಮ" ಅಂದ ಗೋಣೆಪ್ಪ, ಗಾಡಿಯಿಂದ ಅವ್ವನನ್ನ ಇಳಿಸ್ತಾ. "ಯಾವತ್ತೂ ಹೀಗೇ ಮಾಡು ಅಂದಿದ್ದಾಳೆ. ನಾಳೆ ಎಷ್ಟು ಹೊತ್ತಿಗೆ ಬಾಗಿಲು ತೆಗೀತೀರಿ?"

ಹುಲಿಗೆವ್ವ ಬುದ್ಧಿ ಹೇಳೋಕೆ ಬಾಯಿ ತೆರೆದಳು. ಮಗನ ಕೈ ಆಗಲೇ ಟವೆಲ್ಲಿನ ಕಡೆ ಹೋಗಿತ್ತು. ಅವಳು ಅದನ್ನ ನೋಡಿ ಬಾಯಿ ಮುಚ್ಚಿಕೊಂಡಳು, ಒಂದು ಪೇರಲೆ ಹಣ್ಣು ತಗೊಂಡು ಬೆಂಚಿನ ಮೇಲೆ ಕೂತಳು. ನಾಳೆ ಬೆಳಗ್ಗೆ ನೀವು ಆ ಕಡೆ ಹೋಗೋದಿದ್ದರೆ ರಸ್ತೆಯ ಪಕ್ಕದಲ್ಲೇ ನಡೀರಿ, ಗಾಡಿ ಬರುತ್ತೆ.